ಬೊಗಳೋದು ನಿಲ್ಲಿಸಿದೆ, ಕಚ್ಚೋದು ಶುರುವಾಯ್ತು

ಮೊದಲಿಗೇ ಒಪ್ಪಿಕೊಂಡುಬಿಡ್ತೀನಿ. ನಮ್ಮ ಪಿಂಟ್ಯಾನ ಕುತ್ತಿಗೆಗೆ ಶಾಕ್ ಕೊಡೋ ಬೆಲ್ಟ್ ಕಟ್ಟಿದವಳು ನಾನೇ. ಆನ್‌ಲೈನ್‌ನಲ್ಲಿ ತರಿಸಿದ್ದು, ಸಾವಿರದ ಮುನ್ನೂರು ರೂಪಾಯಿ, ಡಬ್ಬಿಯ ಮೇಲೆ ನಗುತ್ತಿರೋ ಲ್ಯಾಬ್ರಡಾರ್ ಚಿತ್ರ. ನಾಯಿ ಬೊಗಳಿದಾಗ ಗಂಟಲಿನ ಕಂಪನವನ್ನ ಬೆಲ್ಟ್ ಹಿಡಿಯುತ್ತೆ, ಅದರ ಎರಡು ಲೋಹದ ಮೊಳೆ ಚರ್ಮಕ್ಕೆ ಕರೆಂಟ್ ಕೊಡುತ್ತವೆ. ಮೂರೇ ದಿನಕ್ಕೆ ಪಿಂಟ್ಯಾ ಸುಮ್ಮನಾದ. ಹಿಂದವಾಡಿಯ ನಮ್ಮ ಗಲ್ಲಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನನಗೆ ಚಪ್ಪಾಳೆಯ ಇಮೋಜಿಗಳು ಬಂದವು. ಹದಿನೆಂಟನೇ ದಿನ ಬೆಳಿಗ್ಗೆ ಹಾಲು ಹಾಕೋ ಹುಡುಗ ಗೇಟು ತೆಗೆದು ಒಳಗೆ ಬಂದ. ಪಿಂಟ್ಯಾ ಒಂಚೂರೂ ಸದ್ದು ಮಾಡದೆ ಎದ್ದು ಹೋಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿದ.

ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಾವೆಲ್ಲ ಕೇಳಿದ್ದೇವೆ. ಅದು ಪೂರ್ತಿ ನಿಜ ಅಲ್ಲ, ಬೊಗಳುತ್ತಲೇ ಕಚ್ಚೋ ನಾಯಿಗಳೂ ಇವೆ. ಆದರೆ ಬೊಗಳೋಕೆ ಬಿಡದ ನಾಯಿ ಏನು ಮಾಡುತ್ತೆ ಅನ್ನೋದಕ್ಕೆ ಗಾದೆ ಇಲ್ಲ, ನನ್ನ ಅನುಭವ ಇದೆ. ಆ ಹುಡುಗ ಎರಡು ವರ್ಷದಿಂದ ದಿನಾ ಬರುತ್ತಿದ್ದವನು. ಪಿಂಟ್ಯಾ ಅವನನ್ನ ಕಂಡು ಬೊಗಳುತ್ತಿದ್ದ, ಅವನು ನಗುತ್ತಿದ್ದ, ಅಷ್ಟೇ. ಬೆಲ್ಟ್ ಬಂದ ಮೇಲೆ ಏನಾಯ್ತು ಅಂದ್ರೆ, ಹುಡುಗ ಕಂಡಾಗಲೆಲ್ಲ ಕುತ್ತಿಗೆ ಸುಡುತ್ತಿತ್ತು. ನೋವು ಕೊಡ್ತಿರೋದು ಬೆಲ್ಟು ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ಅದರ ಲೆಕ್ಕದಲ್ಲಿ ನೋವು ತರುತ್ತಿದ್ದವನು ಆ ಹುಡುಗ. ಜೊತೆಗೆ "ದೂರ ಇರು" ಅಂತ ಹೇಳೋಕೆ ಅದಕ್ಕಿದ್ದ ಒಂದೇ ಭಾಷೆಯನ್ನೂ ನಾನು ಕಿತ್ತುಕೊಂಡಿದ್ದೆ. ಉಳಿದಿದ್ದು ಹಲ್ಲು.

ಗಾಯವನ್ನ ನಲ್ಲಿ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದೆವು. ಪಿಂಟ್ಯಾನಿಗೆ ರೇಬೀಸ್ ಲಸಿಕೆ ಆಗಿತ್ತು, ಆದರೂ ಹುಡುಗನ ಇಂಜೆಕ್ಷನ್ ಕೋರ್ಸ್ ಮುಗಿಯೋವರೆಗೆ ನಾನೇ ಸ್ಕೂಟರಿನಲ್ಲಿ ಕರಕೊಂಡು ಹೋದೆ. ದಾರಿಯಲ್ಲಿ ಅವನು ಕೇಳಿದ, "ಅಕ್ಕಾ, ಅದು ವದರಲೇ ಇಲ್ಲಲ್ರಿ. ವದರಿದ್ರ ನಾ ಸರಕೋತಿದ್ನಿ." ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಈ ಬರಹ ಆ ಬೆಲ್ಟನ್ನ ಕಾರ್ಟ್‌ಗೆ ಹಾಕಿಟ್ಟುಕೊಂಡು, ಸಂಬಳ ಬಂದ ಮೇಲೆ ತಗೋಳೋಣ ಅಂತ ಕೂತಿರೋ ನಿಮಗೆ. ನಿಮ್ಮನ್ನ ನಾನು ಚೆನ್ನಾಗಿ ಬಲ್ಲೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಬೇಜಾರಾಗಿ ಮರಿ ತಂದವರು ನೀವು. ನಾವೂ ಅಷ್ಟೇ. ಒಂದೂವರೆ ವರ್ಷ ಆ ಮರಿ ನಿಮ್ಮ ಲ್ಯಾಪ್‌ಟಾಪ್ ಪಕ್ಕದಲ್ಲೇ ಮಲಗಿ ಬೆಳೀತು. ಒಂದು ಸೋಮವಾರ ನೀವು ಬ್ಯಾಗ್ ಹಾಕಿಕೊಂಡು ಹೊರಟುಬಿಟ್ರಿ. ನಾನು ಉದ್ಯಮಬಾಗದ ಆಫೀಸಿಗೆ, ಮನೆಯವರು ಅವರ ಬ್ಯಾಂಕಿಗೆ. ಪಿಂಟ್ಯಾ ಗೇಟಿನ ಹತ್ತಿರ, ಆರಡಿ ಸರಪಳಿಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ. ಊಟ ಇಟ್ಟಿದೀವಿ, ನೀರು ಇಟ್ಟಿದೀವಿ, ಇನ್ನೇನು ಬೇಕು ಅಂತ ನಮ್ಮ ಧೈರ್ಯ.

ಗೇಟಿನ ಮುಂದೆ ಕಟ್ಟಿದ್ದು ಯಾಕೆ? ಕಾವಲಿಗೆ. ಕಾವಲು ಕಾಯೋದು ಅಂದ್ರೆ ಬೊಗಳೋದು. ಕೊರಿಯರ್‌ನವನು ಬರ್ತಾನೆ, ನಾಯಿ ಬೊಗಳುತ್ತೆ, ಅವನು ಹೋಗ್ತಾನೆ. ಅವನು ಹೇಗೂ ಹೋಗುವವನೇ, ಆದರೆ ನಾಯಿಗೆ ಅನಿಸೋದು ತಾನು ಓಡಿಸಿದೆ ಅಂತ. ದಿನಕ್ಕೆ ಐವತ್ತು ಸಲ ಗೆಲ್ಲೋ ಆಟವನ್ನ ಯಾವ ನಾಯಿ ಬಿಡುತ್ತೆ ಹೇಳಿ. ನಾವೇ ಕೆಲಸಕ್ಕೆ ಇಟ್ಟುಕೊಂಡು, ಕೆಲಸ ಮಾಡಿದ್ದಕ್ಕೆ ಕರೆಂಟ್ ಕೊಡ್ತೀವಿ.

ಅಕ್ಕಪಕ್ಕದವರ ಸಿಟ್ಟು ಸುಳ್ಳು ಅಂತ ನಾನು ಹೇಳ್ತಿಲ್ಲ. ಎದುರುಮನೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗೋ ನರ್ಸ್ ಇದ್ದಾರೆ. ಮೇಲ್ಮನೆಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ದಾಟಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತೆ, ದೊಡ್ಡ ನಾಯಿಯ ಗಂಟಲು ಅದರ ಹತ್ತಿರದಲ್ಲೂ ನಿಲ್ಲೋದಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬೊಗಳೋದು ನಾಯಿಯ ಸಹಜ ಅಭಿವ್ಯಕ್ತಿ, ಅದನ್ನೇ ಕಾರಣ ಮಾಡಿ ಸೊಸೈಟಿಗಳು ಸಾಕುನಾಯಿ ನಿಷೇಧಿಸೋ ಹಾಗಿಲ್ಲ. ಈ ಅರ್ಧವನ್ನ ನಾವು ನಾಯಿ ಸಾಕುವವರು ಬಾಯಿಪಾಠ ಮಾಡಿರ್ತೀವಿ. ರಾತ್ರಿ ಹೊತ್ತು ನಾಯಿ ಸುಮ್ಮನಿರೋ ಹಾಗೆ ನೋಡಿಕೊಳ್ಳಿ ಅಂತ ಅದೇ ಕಾಗದ ಮಾಲೀಕರಿಗೂ ಹೇಳಿದೆ. ಆ ಅರ್ಧ ಮಾತ್ರ ಯಾರ ಬಾಯಲ್ಲೂ ಇಲ್ಲ. "ನಾಯಿ ಅಂದ ಮೇಲೆ ಬೊಗಳುತ್ತೆ ರೀ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋರು ಬೆಲ್ಟ್ ಕಟ್ಟೋರಿಗಿಂತ ನನಗೇನೂ ಒಳ್ಳೆಯವರಾಗಿ ಕಾಣಲ್ಲ. ಇಬ್ಬರೂ ನಾಯಿ ಏನು ಹೇಳ್ತಿದೆ ಅಂತ ಕೇಳಿದವರಲ್ಲ.

ಒಂದೇ ಒಂದು ತಿಂಗಳು ನಮ್ಮ ಗ್ರೂಪಿನಲ್ಲಿ ದೂರು ಬರಲಿಲ್ಲ. 2022ರ ಆಗಸ್ಟ್. ನೆನಪಿದೆಯಲ್ಲ, ಗಾಲ್ಫ್ ಮೈದಾನದ ಕಡೆ ಚಿರತೆ ಬಂದಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು, ಚಿರತೆ ಮಾತ್ರ ಸಿಗಲಿಲ್ಲ. ನಮ್ಮ ಹಿಂದವಾಡಿ ಊರಿನ ಇನ್ನೊಂದು ತುದಿ, ಆದರೂ ಎಲ್ಲರಿಗೂ ಹೆದರಿಕೆ. ಆಗ ಒಂದು ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಮೆಸೇಜ್ ಬಂತು: "ಇವತ್ತು ನಿಮ್ಮ ಪಿಂಟ್ಯಾ ಯಾಕೆ ಸುಮ್ಮನಿದ್ದಾನೆ? ಎಲ್ಲ ಸರಿ ಇದೆಯಾ?" ಬರೆದವರು ಅದೇ ಎದುರುಮನೆ ಕಾಕಾ. ಸೆಪ್ಟೆಂಬರ್ ಬಂದ ಮೇಲೆ ಅವರೇ ಮತ್ತೆ ದೂರಿನವರಾದರು, ಅಕ್ಟೋಬರ್‌ನಲ್ಲಿ ನಾನು ಬೆಲ್ಟ್ ತರಿಸಿದೆ.

ಹಾಲಿನ ಹುಡುಗನ ಘಟನೆ ಆದ ಮೇಲೆ ಗ್ರೂಪ್ ಒಂದೇ ತೀರ್ಮಾನಕ್ಕೆ ಬಂತು: ಖಾನಾಪುರ. ಬೆಳಗಾವಿಯಲ್ಲಿ ಬೇಡವಾದ ನಾಯಿಗೆಲ್ಲ ಇದೊಂದು ದಿಕ್ಕು. ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಆಚೆ ಕಾಡು. "ಬಿಟ್ಟು ಬನ್ನಿ, ಅಲ್ಲಿ ಆರಾಮ ಇರತೈತಿ." ಭಾನುವಾರ ಜಾಂಬೋಟಿ ಕಡೆ ಜಲಪಾತ ನೋಡೋಕೆ ಹೋಗ್ತೀರಲ್ಲ, ಚಹಾದಂಗಡಿ ಮುಂದೆ ಕುತ್ತಿಗೆಯಲ್ಲಿ ಹರಿದ ಬೆಲ್ಟ್ ಇರೋ ನಾಯಿ ಕಂಡರೆ ಒಂದು ನಿಮಿಷ ನಿಂತು ನೋಡಿ. ಪ್ರತಿ ಕಾರಿನ ಬಾಗಿಲಿಗೂ ಓಡಿ ಬಂದು ಮೂಸುತ್ತೆ. ಅದು ಆರಾಮ ಇರೋದು ಹಾಗೆ. ಅಲ್ಲಿ ಚಿರತೆಗೆ ಸುಲಭದ ಊಟ ಅಂದ್ರೆ ನಾಯಿ. ಉಳಿದುಕೊಂಡ ನಾಯಿಯಿಂದ ಭೀಮಗಡದ ಕಾಡುನಾಯಿಗಳಿಗೆ ಡಿಸ್ಟೆಂಪರ್‌ನಂಥ ರೋಗ ದಾಟಬಹುದು. ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ನಮ್ಮ ಗ್ರೂಪಿನಲ್ಲಿ ಇದನ್ನ ಹೇಳಿದವರು ಒಬ್ಬರೂ ಇಲ್ಲ. ಒಬ್ಬರು ಮಾತ್ರ ಬಿಸ್ಕತ್ತಿನಲ್ಲಿ ಏನೋ ಹಾಕೋ ಮಾತು ಆಡಿ, ಹತ್ತು ನಿಮಿಷಕ್ಕೆ ಡಿಲೀಟ್ ಮಾಡಿದರು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಅದಕ್ಕೀಗ ಐದು ವರ್ಷದವರೆಗೆ ಜೈಲು ಇದೆ, ಡಿಲೀಟ್ ಮಾಡೋರಿಗೆ ತಿಳಿದಿರಲಿ.

ನಾನೂ ಖಾನಾಪುರಕ್ಕೇ ಹೊರಟೆ. ಬಿಟ್ಟು ಬರೋಕೆ ಅಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ, ಸೋದರಮಾವನ ಮನೆಯಲ್ಲಿ ನಾಲ್ಕು ದಿನ ಇರಲಿ ಅಂತ. ಆ ನಾಲ್ಕು ದಿನ ನಲವತ್ತಾಗಿ, ಆಮೇಲೆ ಪ್ರಶ್ನೆಯೇ ಏಳದೇ ಇರಬಹುದಿತ್ತು ಅನ್ನೋದೂ ನನಗೆ ಗೊತ್ತಿತ್ತು.

ಮಾವನ ಮನೆ ಖಾನಾಪುರದಿಂದ ಜಾಂಬೋಟಿ ಕಡೆಗೆ, ಗದ್ದೆಯ ಅಂಚಿಗೆ. ಭತ್ತ, ಒಂದಿಷ್ಟು ಕಬ್ಬು, ಹಿಂದೆ ಕಾಡು. ಹಂದಿ, ಕಾಡುಕೋಣ, ಆಗಾಗ ಕರಡಿ. ಎರಡು ನಾಯಿ, ಯಾವುದಕ್ಕೂ ಸರಪಳಿ ಇಲ್ಲ. ರಾತ್ರಿ ಊಟ ಆಗಿ ಕಟ್ಟೆ ಮೇಲೆ ಕೂತಿದ್ದಾಗ ದೂರದಲ್ಲಿ ಒಂದು ನಾಯಿ ಶುರು ಮಾಡಿತು. ಮಾವ ತಲೆ ಎತ್ತಿ ಕೇಳಿ, "ಇದು ಹಂದಿಗಲ್ಲ" ಅಂದ. "ಹಂದಿ ಬಂದ್ರ ಓಡಿಕೋತ ವದರತೈತಿ. ನಿಂತಲ್ಲೇ ವದರಾಕತ್ತೈತಿ ಅಂದ್ರ ದಾರ್ಯಾಗ ಯಾರೋ ಮಂದಿ ಹೊಂಟಾರ." ಸ್ವಲ್ಪ ಹೊತ್ತಿಗೆ ಟಾರ್ಚಿನ ಬೆಳಕು ಕಂಡಿತು, ಪಕ್ಕದ ಹೊಲದವನು ಪಂಪ್ ನೋಡೋಕೆ ಹೊರಟಿದ್ದ. ಚಿರತೆ ಬಂದ್ರೆ ಅಂತ ಕೇಳಿದೆ. "ವದರೂದಿಲ್ಲ. ಮಂಚದ ಕೆಳಗ ಬರತೈತಿ."

ಇದು ಹಳ್ಳಿಯ ಪವಾಡ ಅಂತ ಯಾರೂ ಭಾವುಕರಾಗಬೇಡಿ. ಬುಡಾಪೆಸ್ಟ್‌ನ ಎಟ್ವೋಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಸಂದರ್ಭಗಳ ಬೊಗಳಿಕೆ ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿ, 2005ರಲ್ಲಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಅಪರಿಚಿತನನ್ನ ಕಂಡ ಬೊಗಳು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದು ಯಾವುದು, ಆಟದ್ದು ಯಾವುದು ಅಂತ ಕೇವಲ ಊಹೆಗಿಂತ ಎಷ್ಟೋ ಚೆನ್ನಾಗಿ ಮನುಷ್ಯ ಗುರುತಿಸ್ತಾನೆ. ನಾಯಿ ಸಾಕದೇ ಇದ್ದವನು ಕೂಡ. ನಮಗೆಲ್ಲ ಆ ಕಿವಿ ಇದೆ, ಮೀಟಿಂಗ್ ನಡುವೆ ಮ್ಯೂಟ್ ಒತ್ತಿ ಕೂಗೋ ಅವಸರದಲ್ಲಿ ಬಳಸಲ್ಲ ಅಷ್ಟೇ.

ಮಾವನೂ ಸಂತನಲ್ಲ. ಅವನ ನಾಯಿಗಳಿಗೆ ಲಸಿಕೆ ಹಾಕಿಸೋಕೆ ನಾನು ಮೂರು ವರ್ಷದಿಂದ ಜಗಳ ಆಡ್ತಿದ್ದೀನಿ. ಆದರೆ ಅವತ್ತು ಅವನು ಹೇಳಿದ ಒಂದು ಮಾತು ನನಗೆ ನಾಟಿತು. "ನಮ್ಮ ನಾಯಿ ವದರಿದ್ರ ನಾ ಎದ್ದು ಹೋಗಿ ನೋಡತೀನಿ. ನೋಡಿದ ಮ್ಯಾಲೆ ಅದು ಸುಮ್ಮಾಕ್ಕೈತಿ. ನಿಮ್ಮದು ವದರಿದ್ರ ನೀವು ಒಳಗ ಕುಂತು ಬೈತೀರಿ. ಸುದ್ದಿ ಮುಟ್ಟೈತೋ ಇಲ್ಲೋ ಅದಕ್ಕ ಹೆಂಗ ಗೊತ್ತಾಗಬೇಕು?"

ನಾವು ಒಳಗಿನಿಂದ "ಏ ಸುಮ್ನಿರೋ!" ಅಂತ ಕಿರುಚಿದರೆ ನಾಯಿಗೆ ಕೇಳಿಸೋದು ಇನ್ನೊಂದು ಬೊಗಳು. ಯಜಮಾನರೂ ಸೇರಿಕೊಂಡರು, ವಿಷಯ ಗಂಭೀರವೇ ಇರಬೇಕು ಅಂತ ಅದು ಇನ್ನೂ ಜೋರು ಮಾಡುತ್ತೆ.

ನಾಲ್ಕನೇ ದಿನ ಪಿಂಟ್ಯಾನನ್ನ ವಾಪಸ್ ಕರಕೊಂಡು ಬಂದೆ. ಮೊದಲು ಡಾಕ್ಟರ ಹತ್ತಿರ ತೋರಿಸಿದೆ, ಯಾಕಂದ್ರೆ ಕಿವಿಯ ಸೋಂಕು, ಹಲ್ಲುನೋವು, ವಯಸ್ಸಾದ ನಾಯಿಗಳಲ್ಲಿ ಕಿವುಡುತನ ಇವೆಲ್ಲವೂ ಬೊಗಳಿಸುತ್ತವೆ. ನಮ್ಮವನಿಗೆ ಅದೇನೂ ಇರಲಿಲ್ಲ. ಆಮೇಲೆ ಹಳೇ ಫೋನೊಂದನ್ನ ರೆಕಾರ್ಡಿಂಗ್‌ಗೆ ಇಟ್ಟು ಆಫೀಸಿಗೆ ಹೋದೆ. ಸಂಜೆ ಕೂತು ಕೇಳಿದಾಗ ಹೊಟ್ಟೆ ತೊಳಸಿದ ಹಾಗಾಯ್ತು. ನಾನು ಗೇಟು ಹಾಕಿದ ಕ್ಷಣದಿಂದ ಸುಮಾರು ಮುಕ್ಕಾಲು ಗಂಟೆ ತೆಳ್ಳನೆಯ, ಎಳೆದೆಳೆದು ಅಳೋ ಹಾಗಿನ ಸದ್ದು. ಆಮೇಲೆ ಮೌನ. ಆಮೇಲೆ ಸ್ಕೂಟರ್, ಸೊಪ್ಪಿನವಳು, ಕೊರಿಯರ್, ಒಬ್ಬೊಬ್ಬರಿಗೂ ದಪ್ಪ ಗಂಟಲಿನ ನಾಲ್ಕೈದು ಹೊಡೆತ. ಅಂದ್ರೆ ಗಲ್ಲಿಯವರು "ನಿಮ್ಮ ನಾಯಿ ದಿನವಿಡೀ ಬೊಗಳುತ್ತೆ" ಅಂತಿದ್ದದ್ದು ಒಂದು ಬೊಗಳು ಅಲ್ಲ, ಎರಡು. ಒಂದು ಹೆದರಿಕೆ, ಇನ್ನೊಂದು ಡ್ಯೂಟಿ. ಹೆದರಿ ಅಳುತ್ತಿದ್ದ ನಾಯಿಗೂ ನಾನು ಕರೆಂಟ್ ಕೊಟ್ಟಿದ್ದೆ.

ಡ್ಯೂಟಿಯಿಂದ ಬಿಡಿಸೋದು ಸುಲಭ. ಗೇಟಿಗೆ ಹಸಿರು ಶೇಡ್ ನೆಟ್ ಕಟ್ಟಿದೆ, ರಸ್ತೆ ಕಾಣದ ಹಾಗೆ. ಸರಪಳಿ ತೆಗೆದು ನಾಯಿಯನ್ನ ಮನೆ ಒಳಗೆ, ಹಿಂದಿನ ಕೋಣೆಗೆ ಕರೆದುಕೊಂಡೆ, ರಾತ್ರಿನೂ ಅಲ್ಲೇ. ಇಷ್ಟಕ್ಕೇ ಅರ್ಧ ಬೊಗಳಿಕೆ ಹೋಯ್ತು. ನೀವು ಇಷ್ಟೇ ಮಾಡಿ, ಬೇರೇನೂ ಬೇಡ ಅಂದ್ರೂ ನಿಮ್ಮ ಪಕ್ಕದ ಮನೆಯವರು ನನಗೆ ಆಶೀರ್ವಾದ ಮಾಡ್ತಾರೆ. ಸರಪಳಿ ಬಗ್ಗೆ ಇನ್ನೊಂದು ಮಾತು. ಅದೇ 1960ರ ಕಾಯ್ದೆಯ 11ನೇ ಕಲಂ ಓದಿ: ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದ ಮಾಲೀಕನೇ ಅಪರಾಧಿ. ಅಂದ್ರೆ ಬೆಳಗಾವಿಯ ಅರ್ಧ ಬಂಗಲೆಗಳು. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ಮಿಸಳ್ ಕೂಡ ಬರಲ್ಲ ಅಷ್ಟಕ್ಕೆ. ಯಾರು ಹೆದರಬೇಕು?

ಓಡಾಟ ಅಂದಾಗ ನೀವು ತಪ್ಪು ತಿಳಿಯಬಾರದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಯಿಯನ್ನ ದರದರ ಎಳೆದು ಹತ್ತು ನಿಮಿಷಕ್ಕೆ ತಿರುಗಿ ಬರೋದನ್ನ ನಾನೂ ವಾಕಿಂಗ್ ಅಂದುಕೊಂಡಿದ್ದೆ. ನಾಯಿ ಜಗತ್ತನ್ನ ಓದೋದು ಮೂಗಿನಿಂದ. ಈಗ ಬೆಳಿಗ್ಗೆ ಆರಕ್ಕೆ ವ್ಯಾಕ್ಸಿನ್ ಡಿಪೋ ಕಡೆ ಹೋಗ್ತೀವಿ, ಉದ್ದದ ಹಗ್ಗ, ನಲವತ್ತು ನಿಮಿಷ. ಅವನು ಒಂದೇ ಮರದ ಬುಡವನ್ನ ನಾಲ್ಕು ನಿಮಿಷ ಮೂಸಿದರೆ ನಾನು ನಾಲ್ಕು ನಿಮಿಷ ನಿಲ್ತೀನಿ. ವಾಕಿಂಗ್ ಮಾಡೋ ಅಜ್ಜಂದಿರು ನನ್ನನ್ನ ನೋಡಿ ನಗ್ತಾರೆ, ನಗಲಿ. ಮನೆಗೆ ಬಂದ ಮೇಲೆ ಅವನು ಮಲಗೋ ನಿದ್ದೆ ನೋಡಬೇಕು. ಊಟವನ್ನೂ ತಟ್ಟೆಯಲ್ಲಿ ಸುರಿಯೋದು ಬಿಟ್ಟೆ. ಜೋಳದ ರೊಟ್ಟಿ ಚೂರುಗಳನ್ನ ಹಳೇ ಟವೆಲಿನಲ್ಲಿ ಸುತ್ತಿ ಗಂಟು ಹಾಕಿ ಕೊಟ್ಟರೆ ಅರ್ಧ ಗಂಟೆ ಅದರದ್ದೇ ಯೋಚನೆ.

ಬೊಗಳಿದಾಗ ಈಗ ಎದ್ದು ಹೋಗಿ ನೋಡ್ತೀನಿ, ಮಾವ ಹೇಳಿದ ಹಾಗೆ. "ನೋಡಿದೆ, ಸಾಕು" ಅಂತ ಮೆಲ್ಲಗೆ ಹೇಳೋದು, ಕಾಯೋದು. ಅವನು ಉಸಿರು ತಗೊಳ್ಳೋಕಾದ್ರೂ ಎರಡು ಸೆಕೆಂಡ್ ನಿಲ್ಲಿಸ್ತಾನಲ್ಲ, ಆಗ ಒಂದು ಚೂರು ತಿಂಡಿ. ಆಮೇಲೆ ಐದು ಸೆಕೆಂಡಿಗೆ, ಆಮೇಲೆ ಹತ್ತಕ್ಕೆ. ಇಲ್ಲಿ ನಾನೊಂದು ತಪ್ಪು ಮಾಡಿದೆ: ಮೊದಲ ವಾರ ಬೊಗಳಿದ ತಕ್ಷಣ ಕೊಟ್ಟುಬಿಡ್ತಿದ್ದೆ. ಪಿಂಟ್ಯಾ ಜಾಣ, ನನ್ನನ್ನ ನೋಡಿಕೊಂಡೇ ಒಂದು ಸಲ ಬೊಗಳಿ ಕೈ ನೋಡುತ್ತಿದ್ದ. ಕೊಡಬೇಕಾದ್ದು ಮೌನಕ್ಕೆ. ತಿಂಡಿಗೆ, ಚೆಂಡಿಗೆ ಅಂತ ಬೊಗಳಿ ಕೇಳೋ ನಾಯಿಗಳಿದ್ದಾವಲ್ಲ, ಅವಕ್ಕೆ ಬೇರೆ ದಾರಿ, ಪೂರ್ತಿ ಬೆನ್ನು ತಿರುಗಿಸಬೇಕು. ಎಚ್ಚರಿಕೆ, ಸರಿಹೋಗೋಕೆ ಮುಂಚೆ ಅದು ಇನ್ನೂ ಜೋರಾಗುತ್ತೆ. ಏಳು ದಿನ ತಡೆದುಕೊಂಡು ಎಂಟನೇ ದಿನ ಸೋತು ಬಿಸ್ಕತ್ ಕೊಟ್ಟರೆ ನೀವು ಕಲಿಸಿದ್ದು ಎಂಟು ದಿನ ಬೊಗಳಿದರೆ ಸಿಗುತ್ತೆ ಅನ್ನೋದನ್ನ.

ಕಷ್ಟವಾಗಿದ್ದು ಆ ಅಳು. ಅದಕ್ಕೆ ಶೇಡ್ ನೆಟ್ ಇಲ್ಲ. ಬಾಗಿಲು ದಾಟಿ ಮೂವತ್ತು ಸೆಕೆಂಡಿಗೆ ಒಳಗೆ ಬರೋದು, ಅಳೋಕೆ ಮುಂಚೆ. ಆಮೇಲೆ ಒಂದು ನಿಮಿಷ, ಎರಡು, ಐದು. ಒಂದು ದಿನ ಅವಸರ ಮಾಡಿ ಇಪ್ಪತ್ತಕ್ಕೆ ಹಾರಿದೆ, ಮತ್ತೆ ಎರಡು ನಿಮಿಷಕ್ಕೆ ಇಳಿಯಬೇಕಾಯ್ತು. ಬೀಗದ ಕೈ ಸದ್ದಿಗೇ ನಡುಗುತ್ತಿದ್ದವನು, ಹಾಗಾಗಿ ಸುಮ್ಮಸುಮ್ಮನೆ ಬೀಗದ ಕೈ ಎತ್ತಿಕೊಂಡು ಸೋಫಾದಲ್ಲಿ ಕೂರೋದು. ಎರಡೂವರೆ ತಿಂಗಳು ಹಿಡೀತು. ಅಷ್ಟೂ ದಿನ ಅವನನ್ನ ಒಂಟಿ ಬಿಡದ ಹಾಗೆ, ನನ್ನ ರಜೆ, ಮನೆಯವರ ರಜೆ, ಅನಗೋಳದ ಅತ್ತೆ, ಕೊನೆಗೆ ದುಡ್ಡು ಕೊಟ್ಟು ಮಧ್ಯಾಹ್ನ ಕೂರೋಕೆ ಒಬ್ಬ ಕಾಲೇಜು ಹುಡುಗ. ಬೆಲ್ಟಿನ ಬೆಲೆಗಿಂತ ತುಂಬಾ ಜಾಸ್ತಿ ಖರ್ಚಾಯ್ತು. ಟೈಮ್ ಇಲ್ಲ ಅಂತೀರಿ, ಗೊತ್ತು. ಟೈಮ್ ಇಲ್ಲದವರು ನಾಯಿ ತರಬಾರದಿತ್ತು, ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ. ತಂದಾಗಿದೆ, ಇನ್ನು ಟೈಮ್ ಹುಡುಕಬೇಕು.

"ಫಾರಿನ್‌ನಲ್ಲಿ ಎಲ್ಲರೂ ಇದನ್ನೇ ಬಳಸ್ತಾರೆ" ಅಂತ ಆಫೀಸಿನಲ್ಲಿ ಒಬ್ಬ ವಾದ ಮಾಡಿದ. ಬ್ರಿಟನ್ನಿನ ವೇಲ್ಸ್‌ನಲ್ಲಿ ಶಾಕ್ ಬೆಲ್ಟ್ 2010ರಿಂದ ನಿಷಿದ್ಧ. ಇನ್ನೊಬ್ಬನ ಸಲಹೆ ಇನ್ನೂ ಘನವಾದದ್ದು, ಆಪರೇಷನ್ ಮಾಡಿಸಿ ಧ್ವನಿಯನ್ನೇ ತೆಗೆಸಿಬಿಡೋದು. ಯುರೋಪಿನ ಸಾಕುಪ್ರಾಣಿ ರಕ್ಷಣೆಯ ಒಪ್ಪಂದ 1987ರಲ್ಲೇ ಅದನ್ನ ಬೇಡ ಅಂದಿದೆ. ಫಾರಿನ್ ಬೇಕಾದಾಗ ಫಾರಿನ್ನನ್ನ ಪೂರ್ತಿ ತರಬೇಕು, ಅಮೆಜಾನ್ ಡಬ್ಬಿ ಒಂದೇ ಅಲ್ಲ.

ಪಿಂಟ್ಯಾ ಈಗಲೂ ಬೊಗಳ್ತಾನೆ. ರಾತ್ರಿ ಎರಡನೇ ಗೇಟಿನಲ್ಲಿ ರೈಲು ಉದ್ದಕ್ಕೆ ಕೂಗಿದರೆ ಎರಡು ಸಲ, ಅಪರಿಚಿತರಿಗೆ ಮೂರು ಸಲ, ನಾನು ಹೋಗಿ ನೋಡೋವರೆಗೆ. ಎದುರುಮನೆ ನರ್ಸ್ ಮೊನ್ನೆ ಕೇಳಿದರು, ನಾಯಿನ ಯಾರಿಗಾದರೂ ಕೊಟ್ಟುಬಿಟ್ರಾ ಅಂತ. ಕಾಕಾ ಮಾತ್ರ ಇನ್ನೂ ನಮ್ಮ ಗೇಟಿನ ಶೇಡ್ ನೆಟ್ ಚಂದ ಕಾಣಲ್ಲ ಅಂತ ದೂರ್ತಾರೆ.

ಹಾಲಿನ ಹುಡುಗನ ವಿಷಯ ಅಷ್ಟು ಬೇಗ ಸರಿ ಆಗಲಿಲ್ಲ. ಪಿಂಟ್ಯಾನನ್ನ ಹಗ್ಗದಲ್ಲಿ ದೂರ ಹಿಡಿದು ನಿಲ್ತೀನಿ, ಹುಡುಗ ರಸ್ತೆಯಿಂದಲೇ ಸಿಳ್ಳೆ ಹಾಕಿ ಒಂದು ರೊಟ್ಟಿ ಚೂರು ಎಸೀತಾನೆ, ಪಿಂಟ್ಯಾ ಬಾಲ ಅಲ್ಲಾಡಿಸಿ ತಿಂತಾನೆ. ದಿನಾ ಹೀಗೆ, ಐದಾರು ತಿಂಗಳಾಯ್ತು. ನಾಯಿ ಮರೆತಿರಬಹುದು. ಹುಡುಗ ಗೇಟಿನ ಒಳಗೆ ಬರಲ್ಲ. ಹಾಲಿನ ಪಾತ್ರೆಯನ್ನ ನಾನೇ ಹೊರಗಿನ ಕಟ್ಟೆ ಮೇಲೆ ಇಡ್ತೀನಿ, ಮುಚ್ಚಳದ ಮೇಲೊಂದು ಕಲ್ಲು ಹೇರಿ.